ಹೆಸರಿಲ್ಲದ ಕವರು

ನಮ್ಮ ಕಡೆ ಮದುವೆ ಮುಗಿದರೆ ಚಪ್ಪರಕ್ಕಿಂತ ಮೊದಲು ಬಿಚ್ಚುವುದು ಮುಯ್ಯಿ ಕವರುಗಳನ್ನು. ಅಣ್ಣನ ಮಗಳ ಮದುವೆಯಲ್ಲಿ ಆ ಲೆಕ್ಕವನ್ನು ನೋಟ್‌ಬುಕ್ಕಿನ ಬದಲು ಮೈಎಸ್‌ಕ್ಯೂಎಲ್‌ಗೆ ಏರಿಸಿದವನು ಅಣ್ಣನ ಮಗ, ಇಂಜಿನಿಯರಿಂಗ್ ಓದುತ್ತಿದ್ದಾನೆ. ಒಂದು ಟೇಬಲ್ಲಿನಲ್ಲಿ ಬಂದವರು, ಇನ್ನೊಂದರಲ್ಲಿ ಮುಯ್ಯಿ ಮಾಡಿದವರು.

"ಬರಿಗೈಲಿ ಬಂದು ಉಂಡು ಹೋದೋರು ಯಾರ್ಯಾರು, ತೆಗಿಯಪ್ಪ" ಎಂದರು ಅತ್ತಿಗೆ.

ಹುಡುಗ 'ನಾಟ್ ಇನ್' ಹಾಕಿ ಕ್ವೆರಿ ಬರೆದ. ಒಂದು ಹೆಸರೂ ಬರಲಿಲ್ಲ. "ನಮ್ ಜನ ಎಷ್ಟು ಒಳ್ಳೇರು ನೋಡು!" ಎಂದು ಅಣ್ಣನ ಕಣ್ಣು ತುಂಬಿತು. ಅತ್ತಿಗೆ ಮಾತ್ರ, ಡೇಟಾಬೇಸ್ ಕಾಯುವುದೇ ಹೊಟ್ಟೆಪಾಡಾದ ನನ್ನ ಮುಖ ನೋಡಿದರು.

"ಹೆಸರು ಬರೀದಿರೋ ಕವರು ಇತ್ತೇನೋ?" ಎಂದೆ. ಒಂದಿತ್ತಂತೆ. ಹೆಸರಿನ ಜಾಗದಲ್ಲಿ ನಲ್ ಹಾಕಿದ್ದ.

ಅಲ್ಲಿಗೆ ಮುಗಿಯಿತು. ನಲ್ ಎಂದರೆ ಸೊನ್ನೆಯಲ್ಲ, ಖಾಲಿಯೂ ಅಲ್ಲ, 'ಗೊತ್ತಿಲ್ಲ'. ಆ ಕವರು ಯಾರದಾದರೂ ಆಗಿರಬಹುದು. ಹಾಗಾಗಿ ಇಂಥವರು ಕೊಟ್ಟಿಲ್ಲ ಎಂದು ಯಾರ ಮೇಲೂ ಖಚಿತವಾಗಿ ಹೇಳುವಂತಿಲ್ಲ. 1970ರಲ್ಲಿ ಕೋಷ್ಟಕಗಳ ಈ ಶಾಸ್ತ್ರ ಬರೆದ ಐಬಿಎಂನ ಎಡ್ಗರ್ ಕಾಡ್, ಮುಂದೆ ಸರಿ, ತಪ್ಪು ಎಂಬೆರಡರ ಜೊತೆ ಗೊತ್ತಿಲ್ಲ ಎಂಬುದಕ್ಕೂ ಪೀಠ ಹಾಕಿಕೊಟ್ಟರು. ಅವರು ಮುಯ್ಯಿ ಲೆಕ್ಕ ಬರೆಯಲು ಕೂತವರಲ್ಲ, ಬಿಡಿ.

'ನಾಟ್ ಎಕ್ಸಿಸ್ಟ್ಸ್' ಹಾಕಿಸಿದೆ. ಅದು ಹೆಸರು ಹೊಂದುವ ಸಾಲು ಇದೆಯೋ ಇಲ್ಲವೋ ಎಂದಷ್ಟೇ ನೋಡುತ್ತದೆ, ನಲ್ ಕಡೆ ತಿರುಗುವುದಿಲ್ಲ. ಪಟ್ಟಿ ಉದ್ದಕ್ಕೆ ಇಳಿಯಿತು. ಅಣ್ಣ ಕಣ್ಣೊರೆಸಿಕೊಂಡು ಎದ್ದು ಹೋದ. ಕವರಿನ ಒಡೆಯರೂ ಪಾಪ, ಈ ಪಟ್ಟಿಯಲ್ಲೇ ಎಲ್ಲೋ ಸಿಕ್ಕಿಬಿದ್ದಿರಬೇಕು.

"ಅದರಲ್ಲಿ ಎಷ್ಟಿತ್ತು?" ಎಂದರು ಅತ್ತಿಗೆ. "ಐವತ್ತೊಂದು." "ಐವತ್ತೊಂದಿಟ್ಟೋರು ಹೆಸರು ಬರೀತಾರಾ? ನಿಮ್ಮ ಸೋದರಮಾವಂದೇ. ಹಾಕ್ಕೋ."

ಹುಡುಗ ತಕ್ಷಣ 'ಅಪ್‌ಡೇಟ್' ಬರೆದ, ಯಾವ ಸಾಲೆಂದು ಹೇಳುವ 'ವೇರ್' ಇಲ್ಲದೆ. ಎಂಟರ್ ಒತ್ತುವ ಮೊದಲೇ ಕೈ ಹಿಡಿದೆ. ಇಲ್ಲದಿದ್ದರೆ ಇಡೀ ಊರಿನ ಮುಯ್ಯಿ ಸೋದರಮಾವನ ಹೆಸರಿಗೆ ಜಮೆಯಾಗುತ್ತಿತ್ತು. ಇಂಥವರಿಗೆಂದೇ ಮೈಎಸ್‌ಕ್ಯೂಎಲ್‌ನಲ್ಲಿ 'ಸೇಫ್ ಅಪ್‌ಡೇಟ್ಸ್' ಉಂಟು. ಅದರ ಇನ್ನೊಂದು ಅಧಿಕೃತ ಹೆಸರು 'ಐ ಆಮ್ ಎ ಡಮ್ಮಿ'. ಹಾಕಿಕೊಂಡರೆ ಕೀ ಇರುವ 'ವೇರ್' ಅಥವಾ 'ಲಿಮಿಟ್' ಇಲ್ಲದ ಅಪ್‌ಡೇಟನ್ನು ಅದೇ ತಡೆಯುತ್ತದೆ.

"ಮೊದಲನೇ ಹೆಸರಲ್ಲೇ ಹಾಕ್ಕೋತೀನಿ ಚಿಕ್ಕಪ್ಪ" ಎಂದ.