ನಾಲಿಗೆಯ ನರದೊಡನೆ ಒಂದು ಸಂದರ್ಶನ

ಪ್ರಶ್ನೆ: ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾದವರೆಲ್ಲ ತಮ್ಮ ಬಾಗಿಲಲ್ಲಿ ನಿಂತಿದ್ದಾರೆ. ತಾವೋ ಆರಿಸಿ ಆರಿಸಿ ಒಳಗೆ ಬಿಡುತ್ತೀರಿ. ಇಷ್ಟೊಂದು ಮಡಿ ಏಕೆ?

ನರ: ಮಡಿ ಎನ್ನಿ, ಬೇಡ ಎನ್ನೆ. ಎಲುಬಿಲ್ಲದ ನಾಲಿಗೆಯನ್ನು ಆಡಿಸುವುದೊಂದೇ ನನಗೆ ಗೊತ್ತಿರುವ ಕಸುಬು. ಎದೆಯ ಚರ್ಮದಡಿ ಕೂರಿಸಿದ ಯಂತ್ರ ಉಸಿರಿನ ಲಯ ನೋಡಿಕೊಂಡು ನನಗೆ ವಿದ್ಯುತ್ ಮುಟ್ಟಿಸುತ್ತದೆ. ನಾನು ನಾಲಿಗೆಯನ್ನು ಮುಂದಕ್ಕೆ ತಳ್ಳುತ್ತೇನೆ. ನಾಲಿಗೆ ಹಿಂದಕ್ಕೆ ಜಾರಿ ದಾರಿ ಕಟ್ಟಿದ್ದರೆ ಇದು ಸರಿ. ಮೆದು ಅಂಗುಳಿನ ಹಿಂದೆ ಗಂಟಲು ಸಂಚಿಯ ಬಾಯಿಯಂತೆ ಸುತ್ತಲಿಂದಲೂ ಮುದುಡಿಕೊಂಡರೆ ನಾಲಿಗೆ ತಳ್ಳಿ ಏನು ಬಂತು? ಉಸಿರಾಡೆಂದು ಹೇಳಲು ಮಿದುಳೇ ಮರೆಯುವ ಸೆಂಟ್ರಲ್ ಆಪ್ನಿಯಾದಲ್ಲಂತೂ ನನ್ನ ಆಟ ನಡೆಯದು.

ಪ್ರಶ್ನೆ: ಈ ಯಂತ್ರವನ್ನು ಪರೀಕ್ಷಿಸಿದ 2014ರ ಸ್ಟಾರ್ ಅಧ್ಯಯನದಲ್ಲಿ ತಾವು ಭಾರೀ ಹೆಸರು ಮಾಡಿದಿರಲ್ಲ?

ನರ: ಗಂಟೆಗೆ 29.3 ಇದ್ದ ಉಸಿರುಗಟ್ಟುವಿಕೆಯ ಮಧ್ಯಾಂಕ ಒಂದು ವರ್ಷದಲ್ಲಿ 9ಕ್ಕೆ ಇಳಿಯಿತು, ನಿಜ. ಆದರೆ ಆ 9 ಯಾರದು? 929 ಜನರನ್ನು ಸೋಸಿ ಉಳಿದ 126 ಜನರದು. ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ 32 ಮೀರಿದವರು, ಗಂಟಲು ಸುತ್ತ ಮುದುಡುವವರು ಮೊದಲೇ ಹೊರಗೆ. ಅಷ್ಟು ಸೋಸಿದ ಮೇಲೂ ಮೂವರಲ್ಲಿ ಒಬ್ಬರು ಗುರಿ ಮುಟ್ಟಲಿಲ್ಲ. ಹಾಗಾದರೆ ಇದು ಬರೀ ಆಯ್ಕೆಯ ಚಮತ್ಕಾರವೇ ಎಂದು ಕೊಂಕು ತೆಗೆಯುವವರಿದ್ದಾರೆ. ಅಲ್ಲ. ಗುಣ ಕಂಡ ಕೆಲವರ ಯಂತ್ರವನ್ನು ಕನಿಷ್ಠ ಒಂದು ವಾರ ನಿಲ್ಲಿಸಿ ನೋಡಿದರು. ಗಂಟಲು ಮತ್ತೆ ಹಳೇ ಚಾಳಿಗೆ ಬಿತ್ತು. ಕೆಲಸ ನನ್ನದೇ, ಆದರೆ ಜರಡಿ ಹಿಡಿದರೆ ಮಾತ್ರ. ಜರಡಿ ಬಿಸಾಡಿ ಆ 9ನ್ನು ಜಾಹೀರಾತಿಗೆ ಹಾಕುವವರು ನನ್ನ ಹೆಸರಲ್ಲಿ ಸಾಲ ಎತ್ತುತ್ತಿದ್ದಾರೆ.

ಪ್ರಶ್ನೆ: 2023ರಲ್ಲಿ ಅಮೆರಿಕದ ನಿಯಂತ್ರಕ ಸಂಸ್ಥೆ ಎಫ್‌ಡಿಎಯೇ ಬಿಎಂಐ ಗೆರೆಯನ್ನು 40ಕ್ಕೆ ಏರಿಸಿತು. ಇನ್ನು ಸುತ್ತ ಮುದುಡುವವರನ್ನು ಸೋಸಲು ಔಷಧ ಕೊಟ್ಟು ಮಲಗಿಸಿ ಎಂಡೋಸ್ಕೋಪಿಯಲ್ಲಿ ಗಂಟಲು ನೋಡುವುದು! ಅದೂ ಒಂದು ನಿದ್ದೆಯೇ?

ನರ: ಸಹಜ ನಿದ್ದೆಯಲ್ಲ, ಒಪ್ಪಿದೆ. ಒಂದೇ ಗಂಟಲನ್ನು ಇಬ್ಬರು ವೈದ್ಯರು ಎರಡು ರೀತಿ ಓದುವುದೂ ಉಂಟು. ಆದರೆ ಎಚ್ಚರವಿರುವ ಗಂಟಲು ಅದಕ್ಕಿಂತ ದೊಡ್ಡ ಸುಳ್ಳುಗಾರ: ಹಗಲಲ್ಲಿ ಮುಚ್ಚುವುದೇ ಇಲ್ಲ. ತೂಕದ ಗೆರೆ ಸರಿಸಿದ್ದಕ್ಕೆ ನನ್ನ ತಕರಾರಿಲ್ಲ. ಗಂಟಲು ಒಳಗೆ ಹೇಗಿದೆ ಎಂಬ ಬಗ್ಗೆ ತೂಕ ಹೇಳುವುದು ಊಹೆ. ಊಹೆಯನ್ನು ಸಡಿಲಿಸಬಹುದು, ಆದರೆ ಸುತ್ತ ಮುದುಡುವುದನ್ನು ಕಣ್ಣಾರೆ ಕಂಡ ಮೇಲೂ ಯಂತ್ರ ಕೂರಿಸಿದರೆ ಲಾಭ ಕೂರಿಸಿದವರಿಗೆ. ರೋಗಿಗೆ ಉಳಿಯುವುದು ಗಾಯದ ಹೊಲಿಗೆ, ಜೊತೆಗೆ ಮೊದಲಿನದೇ ಗೊರಕೆ.

ಪ್ರಶ್ನೆ: ಹಾಗಾದರೆ ನನ್ನನ್ನು ಸೇರಿಸಿಕೊಳ್ಳುತ್ತೀರಾ?

ನರ: ಮಾಸ್ಕಿನ ಮೂಲಕ ಗಾಳಿ ಊದುವ ಸಿಪ್ಯಾಪ್ ಹಾಕಿಕೊಂಡು ನೋಡಿದಿರಾ?

ಪ್ರಶ್ನೆ: ಇಲ್ಲ. ಆ ಮಾಸ್ಕು ನನ್ನ ಮುಖಕ್ಕೆ ಒಪ್ಪುವುದಿಲ್ಲ.

ನರ: ಕನ್ನಡಿ ನೋಡಿಕೊಂಡು ಮಲಗುತ್ತೀರೇನು? ಮುಂದಿನವರನ್ನು ಕಳಿಸಿ.