ಕಳವೋ, ಜೆರಾಕ್ಸೋ?

(ಸರ್ಕಾರಿ ಕಚೇರಿ. 2019ರ ಮಾರ್ಚ್. ಸಾಹೇಬರ ಕೈಯಲ್ಲಿ ಪೇಪರು, ಎದುರಿಗೆ ಗುಮಾಸ್ತ.)

ಸಾಹೇಬರು: ನೋಡಿದ್ರೇನ್ರೀ? ರಕ್ಷಣಾ ಸಚಿವಾಲಯದಿಂದ ರಫೇಲ್ ಯುದ್ಧವಿಮಾನ ಖರೀದಿಯ ಕಾಗದಪತ್ರ ಕಳವಂತೆ! ಅಟಾರ್ನಿ ಜನರಲ್ಲೇ ಸುಪ್ರೀಂ ಕೋರ್ಟಿಗೆ ಹೇಳಿದ್ದಾರೆ.

ಗುಮಾಸ್ತ: ಹಾಗಾದ್ರೆ ‘ದಿ ಹಿಂದೂ’ ಪತ್ರಿಕೆಯಲ್ಲಿ ಬಂದ ಕಾಗದಪತ್ರ ಅಸಲಿ ಅಂತಾಯ್ತು ಸಾರ್. ಸುಳ್ಳು ಕಾಗದ ಬೇಕಿದ್ರೆ ಅಷ್ಟು ದೂರ ಹೋಗಿ ಯಾಕೆ ಕದೀಬೇಕು?

(ಎರಡು ದಿನದ ಮೇಲೆ.)

ಸಾಹೇಬರು: ಕಳವಲ್ಲವಂತೆ ಕಣ್ರೀ, ಬರೀ ಜೆರಾಕ್ಸ್!

ಗುಮಾಸ್ತ: ಸದ್ಯ! ಅಸಲು ಬೀರುವಲ್ಲೇ ಇದೆ, ಮಾನ ಮಾತ್ರ ಹೊರಗೆ ಹೋಯ್ತು.

ಸಾಹೇಬರು: ತಮಾಷೆ ಬೇಡ. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇದೆ!

ಗುಮಾಸ್ತ: ಬ್ರಿಟಿಷರು ಮನೆ ಖಾಲಿ ಮಾಡಿದರೂ ಬೀಗ ಬಿಟ್ಟುಹೋದರು.

ಸಾಹೇಬರು: ಅಕ್ರಮ ಬಯಲಿಗೆಳೆಯೋರಿಗೂ 2014ರಲ್ಲಿ ರಕ್ಷಣಾ ಕಾಯ್ದೆ ಮಾಡಿದೀವಲ್ಲ?

ಗುಮಾಸ್ತ: ರಾಷ್ಟ್ರಪತಿಗಳ ಅಂಕಿತವೂ ಬಿತ್ತು ಸಾರ್. ಜಾರಿಗೆ ತರೋ ಅಧಿಸೂಚನೆ ಮಾತ್ರ ಇಲ್ಲ. ಅದನ್ನೂ ಯಾರಾದ್ರೂ ಸೋರಿಕೆ ಮಾಡಬೇಕೇನೋ!

(ಏಪ್ರಿಲ್ 10.)

ಗುಮಾಸ್ತ: ಸಾರ್, ಪೇಪರಿನವರು ಅಚ್ಚು ಹಾಕೋದನ್ನ ತಡೆಯೋ ಅಧಿಕಾರ ಆ ರಹಸ್ಯಗಳ ಕಾಯ್ದೆಯಲ್ಲಿಲ್ಲ ಅಂತ ಸುಪ್ರೀಂ ಕೋರ್ಟು ಹೇಳಿದೆ.

(ನವೆಂಬರ್.)

ಸಾಹೇಬರು: ಈಗೇನಂತೀರಿ? ರಫೇಲ್ ಮರುಪರಿಶೀಲನಾ ಅರ್ಜಿಗಳೇ ವಜಾ!

ಗುಮಾಸ್ತ: ಸಂತೋಷ ಸಾರ್. ಮುಚ್ಚಿಡೋದು ಏನೂ ಇರಲಿಲ್ಲ ಅಂದ್ಮೇಲೆ, ತೋರಿಸಿದೋರ ಮೇಲೆ ಅಷ್ಟೊಂದು ರಂಪ ಯಾಕಿತ್ತು?

ಸಾಹೇಬರು: ಷ್! ಆ ಪ್ರಶ್ನೇನ ಕಡತಕ್ಕೆ ಹಾಕಿ, ‘ಗೌಪ್ಯ’ ಅಂತ ಮೊಹರು ಒತ್ತಿ. ಹೋಗ್ತಾ ಜೆರಾಕ್ಸ್ ಮಷೀನಿನ ಪ್ಲಗ್ಗೂ ಕಿತ್ತುಬಿಡಿ.