ಕಾಂಪೌಂಡಿನ ಆಚೆ ಕೆಂಟಕಿ

ಪಕ್ಕದ ಮನೆ ಟೀಚರಮ್ಮ 2024ರಲ್ಲಿ ಮಗಳ ಬಾಣಂತನಕ್ಕೆಂದು ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ಗೆ ಹೋಗಿದ್ದರು. ಹೋಗುವಾಗ ಸೂಟ್‌ಕೇಸಿನ ತುಂಬ ಅಂಟಿನುಂಡೆ, ಮೆಣಸಿನ ಸಾರಿನ ಪುಡಿ. ಬರುವಾಗ ತಲೆ ತುಂಬ ಬಾಸ್ಕೆಟ್‌ಬಾಲು. ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದಾಗ ಪಿ.ಟಿ. ಪೀರಿಯಡ್ಡನ್ನೂ ಕಿತ್ತುಕೊಂಡು ಪ್ರಮೇಯ ಮಾಡಿಸುತ್ತಿದ್ದರೆಂದು ಅವರ ಹಳೇ ಶಿಷ್ಯರು ಈಗಲೂ ದೂರುತ್ತಾರೆ. ಅಂಥವರು ಈಗ ಕಾಂಪೌಂಡಿಗೆ ಮೊಣಕೈ ಊರಿ ನಿಂತರೆಂದರೆ ಕೆಂಟಕಿ ವಿಶ್ವವಿದ್ಯಾಲಯದ ಕೋಚ್ ಮಾರ್ಕ್ ಪೋಪ್ ಬಿಟ್ಟು ಬೇರೆ ಮಾತಿಲ್ಲ. ನನಗೋ, ಚೆಂಡು ಬುಟ್ಟಿಯೊಳಗೆ ಬೀಳಬೇಕು ಅನ್ನುವುದರಾಚೆ ಆ ಆಟದ ಗಂಧವಿಲ್ಲ.

“ಅಲ್ಲ ಟೀಚರ್, ಕಾಲೇಜು ಹುಡುಗರ ಟೀಮಿಗೆ ಒಬ್ಬ ಕೋಚ್ ಬಂದರೆ ಊರಿಗೆ ಊರೇ ಯಾಕೆ ಕುಣೀಬೇಕು?”

“ನೋಡಮ್ಮ, ಆ ರಾಜ್ಯಕ್ಕೆ ಎನ್‌ಬಿಎ ಟೀಮೇ ಇಲ್ಲ. ಇರೋದು ಕುದುರೆ, ಇಲ್ಲಾ ಕಾಲೇಜಿನ ಆಟ. ಎಂಟು ಸಲ ನ್ಯಾಷನಲ್ ಚಾಂಪಿಯನ್ ಆದ ಟೀಮು ಅದು. ನನ್ನ ಮಗಳ ಬೀದೀಲಿ ಕಸದ ಡಬ್ಬಕ್ಕೂ ನೀಲಿ ಸ್ಟಿಕ್ಕರು.”

ಹಿಂದಿನ ಕೋಚ್ ಜಾನ್ ಕ್ಯಾಲಿಪರಿ. ಹದಿನೈದು ವರ್ಷ ಇದ್ದ, 2012ರಲ್ಲಿ ಕಪ್ಪು ತಂದುಕೊಟ್ಟ. ಆಮೇಲೆ ಶುಕ್ರದೆಸೆ ಮುಗಿಯಿತು. 2022ರಲ್ಲಿ ಸೇಂಟ್ ಪೀಟರ್ಸ್ ಅನ್ನುವ ಪುಟ್ಟ ಕಾಲೇಜಿನ ಕೈಲಿ ರಾಷ್ಟ್ರೀಯ ಟೂರ್ನಮೆಂಟಿನ ಮೊದಲ ಸುತ್ತಿನಲ್ಲೇ ಸೋಲು. 2024ರಲ್ಲಿ ಓಕ್‌ಲೆಂಡ್ ಅನ್ನುವ ಇನ್ನೊಂದು ಸಣ್ಣ ಟೀಮು ಬಂತು. ಜ್ಯಾಕ್ ಗೋಲ್ಕಿ ಅನ್ನುವ ಹುಡುಗ ದೂರದಿಂದಲೇ ಹತ್ತು ಸಲ ಮೂರು ಮೂರು ಪಾಯಿಂಟು ಎತ್ತಿಹಾಕಿ ಇವರನ್ನು ಮನೆಗೆ ಕಳಿಸಿದ. “ತೆಗೀರಿ ಅವನನ್ನ” ಎಂದು ಊರೆಲ್ಲ ಬೊಬ್ಬೆ. ತೆಗೆಯುವುದು ಹೇಗೆ? ಕಾಂಟ್ರಾಕ್ಟು ಮುರಿದರೆ 3.3 ಕೋಟಿ ಡಾಲರ್ ಎಣಿಸಬೇಕಿತ್ತು. ಅಷ್ಟರಲ್ಲಿ ಅವನೇ ಎದ್ದು ಅರ್ಕಾನ್ಸಾಸ್ ವಿಶ್ವವಿದ್ಯಾಲಯಕ್ಕೆ ಹೊರಟುಬಿಟ್ಟ. ಕೋಳಿಮಾಂಸದ ದೊಡ್ಡ ಕುಳ, ಟೈಸನ್ ಕಂಪನಿಯ ಯಜಮಾನ, ಅವನಿಗೆ ಆ ಕಡೆಯ ಸ್ನೇಹಿತ.

“ಪೀಡೆ ತೊಲಗಿತು ಅಂದ್ಕೊಂಡಿರಬೇಕು ಜನ.”

“ಎಲ್ಲಿ! ತಾವೇ ಹೋಗು ಹೋಗು ಅಂದವರು, ಹೋದ ಮೇಲೆ ನಮ್ಮನ್ನ ಬಿಟ್ಟು ಹೋದ್ನಲ್ಲ ಅಂತ ಗೋಳು. ಇನ್ನು ಮೇಲೆ ಯಾರು? ಬೇಲರ್‌ನ ಸ್ಕಾಟ್ ಡ್ರೂ ಬರ್ತಾನೆ ಅಂದ್ರು, ಅವನು ಒಲ್ಲೆ ಅಂದ. ಕನೆಕ್ಟಿಕಟ್‌ನ ಡ್ಯಾನ್ ಹರ್ಲಿ ಹೆಸರು ಓಡಾಡ್ತು, ಅವನು ಕೂತಲ್ಲಿಂದ ಏಳಲಿಲ್ಲ. ಕೊನೆಗೆ ಏಪ್ರಿಲ್ 12ಕ್ಕೆ ಪೋಪ್ ಅಂದ್ರು. ಎರಡು ದೊಡ್ಡ ಸಂಬಂಧ ತಪ್ಪಿದ ಮೇಲೆ ಸೋದರತ್ತೆ ಮಗನಿಗೇ ಕೊಟ್ಟುಬಿಡೋಣ ಅಂತೀವಲ್ಲ, ಹಾಗಾಯ್ತು.”

ಹೋಲಿಕೆ ಚೆನ್ನಾಗಿದೆ. ಸೋದರತ್ತೆ ಮಗನ ಜಾತಕದಲ್ಲಿ ದೋಷವೂ ಇತ್ತು. ಯೂಟಾದ ಬಿವೈಯು ಟೀಮಿಗೆ ಐದು ವರ್ಷ ಕೋಚಾಗಿದ್ದು, ಸೀಸನ್ನಿನ ಕೊನೆಯ ಆ ರಾಷ್ಟ್ರೀಯ ಟೂರ್ನಮೆಂಟಿನಲ್ಲಿ ಒಂದೇ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಇವನಿಗೆ ವರ್ಷಕ್ಕೆ ಸರಾಸರಿ 55 ಲಕ್ಷ ಡಾಲರಾ ಎಂದು ಮೊದಲ ದಿನ ಜನ ಮೂಗು ಮುರಿದರು. ಹಿಂದೊಮ್ಮೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮೆಡಿಕಲ್ ಸೇರಿ, ಅರ್ಧಕ್ಕೇ ಬಿಟ್ಟು ಕೋಚಿಂಗಿಗೆ ಬಂದವನಂತೆ. ಇದನ್ನು ಹೇಳುವಾಗ ಮಾತ್ರ ಟೀಚರಮ್ಮನ ಮುಖದಲ್ಲಿ ಅಭಿಮಾನಕ್ಕಿಂತ ಸಂಕಟವೇ ಹೆಚ್ಚು. ಮೆಡಿಕಲ್ ಸೀಟು ಬಿಡುವವರನ್ನು ಅವರು ಈ ಜನ್ಮದಲ್ಲಿ ಕ್ಷಮಿಸಲಾರರು.

“ಮತ್ತೆ ಎರಡೇ ದಿನಕ್ಕೆ ಜನ ಬದಲಾಗೋಕೆ ಏನಾಯ್ತು ಟೀಚರ್?”

“ಏನಾಯ್ತು ಅಂದ್ರೆ, ಅವನು ಅಲ್ಲೇ ಆಡಿದ ಹುಡುಗ ಕಣಮ್ಮ! 1996ರಲ್ಲಿ ಕಪ್ಪು ಗೆದ್ದಾಗ ಆ ಟೀಮಿನ ಕ್ಯಾಪ್ಟನ್. ಭಾನುವಾರ ರಪ್ ಅರೀನಾದಲ್ಲಿ ಅವನನ್ನ ಪರಿಚಯ ಮಾಡಿಸಿದ್ರು. ಬರೀ ಪರಿಚಯ, ಮ್ಯಾಚೂ ಇಲ್ಲ ಏನೂ ಇಲ್ಲ. ಫ್ರೀ ಎಂಟ್ರಿ. 20,000 ಜನ! ಅಳಿಯ ಕರ್ಕೊಂಡು ಹೋದ.”

“ಬಾಣಂತೀನ ಬಿಟ್ಟು?”

“ಸಾರು ಮಾಡಿಟ್ಟೇ ಹೋದೆ. ಅರೀನಾ ಒಳಗೇ ಬಸ್ ಬಂತು ನೋಡು. ಹಳೇ ಆಟಗಾರರೆಲ್ಲ ಜೊತೇಲಿ, ಇವನ ಕೈಯಲ್ಲಿ ಆ 96ರ ಕಪ್ಪು. ನನ್ನ ಪಕ್ಕದಲ್ಲಿ ಒಂದು ಅಜ್ಜಿ, ಮೈಮೇಲೆ ನೀಲಿ ಸ್ವೆಟರು, ಪರ್ಸಿಂದ ಮಡಿಚಿಟ್ಟ ಟಿಕೆಟ್ ತೆಗೆದು ತೋರಿಸಿದ್ಳು. ಆ ವರ್ಷದ್ದೇ. ಅಕ್ಷರ ಎಲ್ಲ ಮಾಸಿಹೋಗಿದೆ. ಅವಳು ಏನಂದ್ಳೋ ನಂಗೆ ಅರ್ಧ ಅರ್ಥ ಆಗ್ಲಿಲ್ಲ, ಆದ್ರೂ ಇಬ್ಬರೂ ಕಣ್ಣು ಒರೆಸ್ಕೊಂಡ್ವಿ.”

ಇಲ್ಲಿ ನಾನು ಒಂದು ಮಾತು ಹೇಳಲೇಬೇಕಾಯಿತು. ಬಂದವನು ನಮ್ಮವನು, ಸರಿ. ಆದರೆ ಟೀಮೆಲ್ಲಿ? ಕ್ಯಾಲಿಪರಿ ಹೋದದ್ದೇ ತಡ, ಹುಡುಗರೂ ಗಂಟುಮೂಟೆ ಕಟ್ಟಿದರು. ಮೂವರು ಅವನ ಹಿಂದೆಯೇ ಅರ್ಕಾನ್ಸಾಸಿಗೆ. ಪೋಪ್ ಜೊತೆ ಆಡಿದ್ದ ಜೆಫ್ ಶೆಪರ್ಡ್‌ನ ಮಗ ರೀಡ್ ಎನ್‌ಬಿಎಗೆ, ಅದೂ ಮೂರನೇ ಆಯ್ಕೆಯಾಗಿ. ಪೋಪ್ ಹೆಚ್ಚುಕಡಿಮೆ ಖಾಲಿ ಕೋಣೆಯ ಬೀಗ ತೆಗೆದ. ಈಗ ಅಲ್ಲಿ ಆಟಗಾರರು ವರ್ಷ ವರ್ಷ ಕಾಲೇಜು ಬದಲಿಸಬಹುದು, 2021ರಿಂದ ತಮ್ಮ ಹೆಸರಿನ ಮೇಲೆ ದುಡ್ಡೂ ಮಾಡಬಹುದು. ಒಬ್ಬ ಓಕ್ಲಹೋಮಾದಿಂದ, ಒಬ್ಬ ಸ್ಯಾನ್ ಡಿಯಾಗೋದಿಂದ, ಒಬ್ಬ ಡೇಟನ್‌ನಿಂದ ಹೀಗೆ ಕೂಡಿಹಾಕಿದ ಟೀಮಿಗೆ ‘ನಮ್ಮದು’ ಅನ್ನುವುದು ಹೇಗೆ?

“ಊರ ಹುಡುಗರೂ ಇದ್ರಮ್ಮ. ಹಾರ್ಲನ್ ಅನ್ನೋ ಕಲ್ಲಿದ್ದಲ ಸೀಮೆಯಿಂದ ಟ್ರೆಂಟ್ ನೋವಾ. ಆ ರಾಜ್ಯದ ಹೈಸ್ಕೂಲು ಹುಡುಗರಲ್ಲೇ ಅತಿ ಹೆಚ್ಚು ಪಾಯಿಂಟ್ ಹೊಡೆದ ಟ್ರ್ಯಾವಿಸ್ ಪೆರಿ.”

“ಪೆರಿ ಈಗೆಲ್ಲಿದ್ದಾನೆ?”

“ಒಂದು ವರ್ಷ ಆಡಿ ಮಿಸಿಸಿಪ್ಪಿ ಯೂನಿವರ್ಸಿಟಿಗೆ ಹೋದ,” ಎಂದು ಟೀಚರಮ್ಮ ಕರಿಬೇವಿನ ಗಿಡದಿಂದ ಒಣಗಿದ ಎಲೆ ಕೀಳತೊಡಗಿದರು. ಗೆದ್ದದ್ದು ನಾನೇ. ಆದರೂ ಆ ಅಜ್ಜಿಯ ಟಿಕೆಟ್ಟಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಹುಡುಗರು ನಿಲ್ಲದ ಕಡೆ ಜನ ಹಿಡಿದುಕೊಳ್ಳಲು ಉಳಿಯುವುದು ಕೋಚ್ ಒಬ್ಬನೇ ಏನೋ. ಅವನಾದರೂ ಹಳೆಯದೊಂದು ನೆನಪಿನ ಸಮೇತ ಬಂದರೆ ಬಿಡುತ್ತಾರೆಯೇ?

ಪೋಪ್‌ನ ಮೊದಲ ವರ್ಷದ ಆಟವೂ ಕೆಟ್ಟಿರಲಿಲ್ಲ. ಶುರುವಿನಲ್ಲೇ ಡ್ಯೂಕ್ ವಿಶ್ವವಿದ್ಯಾಲಯದ ಮೇಲೆ 77-72ರ ಗೆಲುವು. ಟೆನಸಿಯನ್ನು ಲೀಗಿನಲ್ಲಿ ಎರಡು ಸಲ ಸೋಲಿಸಿ, ರಾಷ್ಟ್ರೀಯ ಟೂರ್ನಮೆಂಟಿನ ಕೊನೆಯ ಹದಿನಾರರಲ್ಲಿ ಅದೇ ಟೆನಸಿಯ ಕೈಲಿ ಸೋತರು. ನಡುವೆ 2025ರ ಫೆಬ್ರವರಿ 1ರಂದು ಕ್ಯಾಲಿಪರಿ ತನ್ನ ಹೊಸ ಟೀಮಿನೊಂದಿಗೆ ರಪ್ ಅರೀನಾಗೆ ಬಂದ. ಹದಿನೈದು ವರ್ಷ ಅನ್ನ ಉಂಡ ಜಾಗ. ಅದೇ ಜನ ಬೂ ಎಂದು ಕೂಗಿ ಮೂದಲಿಸಿದರು. ಅವನು 89-79ಕ್ಕೆ ಗೆದ್ದು ಹೋದ. ಆ ದಿನ ಟೀಚರಮ್ಮ ಕಾಂಪೌಂಡಿನ ಹತ್ತಿರ ಸುಳಿಯಲೇ ಇಲ್ಲ.

“ನಿಮ್ಮ ಪೋಪಿಗೂ ಇದೇ ಗತಿ ಅಲ್ವಾ? ನೀವೇ ಹೇಳಿದ್ರಿ, ಟಬ್ಬಿ ಸ್ಮಿತ್ ಅಲ್ಲಿ ಮೊದಲ ಕಪ್ಪು ವರ್ಣೀಯ ಹೆಡ್ ಕೋಚ್, ಬಂದ ಮೊದಲ ವರ್ಷವೇ 1998ರಲ್ಲಿ ಚಾಂಪಿಯನ್ ಮಾಡಿದ. ಅವನಿಗೂ ಗೊಣಗಿ ಗೊಣಗಿ, ಹತ್ತು ವರ್ಷಕ್ಕೆ ಅವನೇ ಮಿನ್ನೆಸೋಟಕ್ಕೆ ಹೋದ.”

“ಹೌದು, ಪಿಟಿನೋನ ಕಥೆಯೂ ಹಾಗೇ. ಪೋಪ್‌ಗೆ ಕಪ್ಪು ಗೆಲ್ಲಿಸಿಕೊಟ್ಟ ಗುರು. ಆಮೇಲೆ ಪಕ್ಕದ ಲೂಯಿವಿಲ್‌ಗೆ ಕೋಚಾಗಿ ಬಂದ ಅಂತ ಅವನನ್ನ ದ್ರೋಹಿ ಅಂದ್ರು.”

“ಹಾಗಿದ್ರೆ ಅಲ್ಲಿ ನೆಮ್ಮದಿಯಾಗಿ ಉಳಿದವರೇ ಇಲ್ವಾ?”

“ಅರೀನಾಗೆ ಹೆಸರಿದೆಯಲ್ಲ, ಆ ಅಡಾಲ್ಫ್ ರಪ್. 42 ವರ್ಷ ಇದ್ದ. ನಾಲ್ಕು ಕಪ್ಪು, 876 ಗೆಲುವು. ಕರಿಯ ಹುಡುಗರನ್ನ ಸೇರಿಸ್ಕೊಳ್ಳೋಕೆ ಮಾತ್ರ ವರ್ಷಾನುಗಟ್ಟಲೆ ತಡ ಮಾಡಿದ, ಆ ಕಳಂಕ ಇದೆ. ಅವನಿಗೂ ಇಷ್ಟ ಇರಲಿಲ್ಲ ಹೋಗೋಕೆ. 70 ತುಂಬಿತು, ಯೂನಿವರ್ಸಿಟಿ ನಿವೃತ್ತಿ ನಿಯಮ ಅಂತ 1972ರಲ್ಲಿ ಬಲವಂತವಾಗಿ ಕಳಿಸಿದ್ರು.” ಟೀಚರಮ್ಮ ಒಣಗಿದ ಎಲೆಯನ್ನೆಲ್ಲ ನಮ್ಮ ಕಡೆಗೇ ಉದುರಿಸಿದರು. “ಎಪ್ಪತ್ತಕ್ಕೆ ಗೋಳಾಡಿದನಂತೆ! ನನ್ನನ್ನ ಅರವತ್ತಕ್ಕೇ ಹಾರ ಹಾಕಿ ಕಳಿಸಿದ್ರು. ಯಾವನಾದ್ರೂ ಕೇಳಿದ್ನಾ?”